ಕಮ್ಮಾರನ ಸುತ್ತಿಗೆ, ನಮ್ಮ ಕೀಬೋರ್ಡ್

ನಮ್ಮ ದಂಡ ಕಾನೂನಿನ ಪುಸ್ತಕದೊಳಗೆ ಒಬ್ಬ ಕಮ್ಮಾರ ಇದ್ದಾನೆ. 1860ರ ಭಾರತೀಯ ದಂಡ ಸಂಹಿತೆಯ 94ನೇ ಸೆಕ್ಷನ್‌ಗೆ ಬಂದು ಸೇರಿದವನು, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 32ನೇ ಸೆಕ್ಷನ್‌ನಲ್ಲೂ ಹಾಗೆಯೇ ಉಳಿದುಕೊಂಡಿದ್ದಾನೆ. ಅವನ ಕಥೆ ಬಹಳ ಚಿಕ್ಕದು. ದರೋಡೆಕೋರರ ಗುಂಪು ಅವನನ್ನು ಹಿಡಿದುಕೊಂಡು ಹೋಗುತ್ತದೆ. ಹೇಳಿದ್ದು ಕೇಳದಿದ್ದರೆ ಇಲ್ಲೇ, ಈಗಲೇ ಕೊಲ್ಲುತ್ತೇವೆ ಎನ್ನುತ್ತದೆ. ಅವನು ತನ್ನ ಸಲಕರಣೆ ಹಿಡಿದು ಬಂದು ಯಾರದೋ ಮನೆಯ ಬಾಗಿಲು ಒಡೆದು ಕೊಡುತ್ತಾನೆ. ಗುಂಪು ಒಳಗೆ ನುಗ್ಗಿ ದೋಚುತ್ತದೆ. ಬಾಗಿಲು ಒಡೆದ ಕೈ ಅವನದೇ. ಆದರೂ ಅವನು ಅಪರಾಧಿಯಲ್ಲ ಎನ್ನುತ್ತದೆ ಕಾನೂನು.

ದರೋಡೆಕೋರರಿಗೆ ಬೇಕಾಗಿದ್ದದ್ದು ಅವನ ಕಸುಬು. ಇಂದು ಬಾಗಿಲು ಒಡೆಯಲು ಸುತ್ತಿಗೆ ಬೇಕಿಲ್ಲ, ಕೀಬೋರ್ಡ್ ಸಾಕು. ಹಾಗಾಗಿ ಗುಂಪುಗಳು ಈಗ ಹುಡುಕುವುದು ಕಂಪ್ಯೂಟರ್ ಬಲ್ಲ, ಇಂಗ್ಲಿಷ್ ಬಲ್ಲ ಹುಡುಗರನ್ನು. ಊರು ಬಿಟ್ಟು ಹೈದರಾಬಾದ್, ಪುಣೆ, ಚೆನ್ನೈ ಸೇರಿ ಐಟಿಯಲ್ಲಿ ದುಡಿಯುತ್ತಿರುವ ನನ್ನಂಥವರಿಗೆ ಈ ಹಳೆಯ ಸೆಕ್ಷನ್ ಹೊಸದಾಗಿ ಮುಖ್ಯವಾಗುವುದು ಇದರಿಂದಾಗಿಯೇ.

2022ರ ಸೆಪ್ಟೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯ ಒಂದು ಎಚ್ಚರಿಕೆ ಹೊರಡಿಸಿತು. ಥಾಯ್ಲೆಂಡ್‌ನಲ್ಲಿ ‘ಡಿಜಿಟಲ್ ಸೇಲ್ಸ್ ಅಂಡ್ ಮಾರ್ಕೆಟಿಂಗ್ ಎಕ್ಸಿಕ್ಯೂಟಿವ್’ ಹುದ್ದೆ ಎಂದು ಆಸೆ ತೋರಿಸಿ, ಐಟಿ ಕೌಶಲ ಇರುವ ಯುವಕರನ್ನು ಕರೆಸಿಕೊಂಡು, ಗಡಿ ದಾಟಿಸಿ ಮ್ಯಾನ್ಮಾರ್‌ಗೆ ಸಾಗಿಸಿ, ಅಲ್ಲಿ ಕೂಡಿಹಾಕಿ ದುಡಿಸಿಕೊಳ್ಳಲಾಗುತ್ತಿದೆ ಎಂಬುದು ಅದರ ಸಾರ. ಥಾಯ್ಲೆಂಡ್‌ನ ಮೇ ಸೋಟ್ ಪಟ್ಟಣದ ಎದುರಿಗೆ ಮೋಯಿ ನದಿ. ಅದರ ಆಚೆ ದಡದಲ್ಲಿ ಮ್ಯಾನ್ಮಾರ್‌ನ ಮ್ಯಾವಡ್ಡಿ. ಕೆಕೆ ಪಾರ್ಕ್, ಶ್ವೆ ಕೊಕ್ಕೊ ಎಂಬ ಎತ್ತರದ ಗೋಡೆಯ ಆವರಣಗಳು ಇರುವುದು ಆ ಕಡೆಯಲ್ಲೇ. ಕಾಂಬೋಡಿಯಾದ ಸಿಹನೂಕ್‌ವಿಲ್‌ನಲ್ಲೂ ಇದೇ ದಂಧೆ. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಹೀಗೆ ಬಲವಂತದ ಆನ್‌ಲೈನ್ ವಂಚನೆಯಲ್ಲಿ ಸಿಲುಕಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟ್‌ನಲ್ಲಿ ಅಂದಾಜು ಮಾಡಿತು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ಮೇ ಸೋಟ್‌ನಿಂದ ವಾಪಸು ಕರೆತರಲಾಯಿತು.

ವಿಮಾನ ಇಳಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಬಂದವನು ಸಂತ್ರಸ್ತನೋ, ಆರೋಪಿಯೋ?

ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ಹಾವೇರಿ ಕಡೆಯವನು, ಬಿಸಿಎ ಮುಗಿಸಿದವನು. ಬ್ಯಾಂಕಾಕ್‌ನಲ್ಲಿ ಕೆಲಸ ಎಂದು ಹೋದ. ಮೂರನೇ ದಿನ ಪಾಸ್‌ಪೋರ್ಟ್ ಕಿತ್ತುಕೊಂಡರು. ಹತ್ತು ಮೊಬೈಲ್ ಕೊಟ್ಟು, ಹೆಣ್ಣಿನ ಹೆಸರಲ್ಲಿ ಖಾತೆ ತೆರೆದು, ಭಾರತದಲ್ಲಿರುವವರ ಜೊತೆ ಸ್ನೇಹ ಬೆಳೆಸಿ, ನಕಲಿ ಹೂಡಿಕೆ ಆ್ಯಪ್‌ಗೆ ಹಣ ಹಾಕಿಸಬೇಕೆಂದರು. ಒಲ್ಲೆ ಎಂದಾಗ ಊಟ ನಿಲ್ಲಿಸಿದರು, ಹೊಡೆದರು, ಕರೆಂಟ್ ಶಾಕ್ ಕೊಟ್ಟರು. ಐದು ಲಕ್ಷ ಕಟ್ಟಿದರೆ ಬಿಡುತ್ತೇವೆ ಎಂದರು. ಅವನು ಕೆಲಸ ಶುರು ಮಾಡಿದ. ಅವನ ಮೆಸೇಜ್ ನಂಬಿ ಬೆಂಗಳೂರಿನ ನಿವೃತ್ತ ಮೇಷ್ಟ್ರೊಬ್ಬರು ಪಿಂಚಣಿಯ ಹಣ ಕಳೆದುಕೊಂಡರು.

ಕಾನೂನಿನ ಕಣ್ಣಿಗೆ ಅವನು ಎಲ್ಲಿ ನಿಲ್ಲುತ್ತಾನೆ? ಕೃತ್ಯ ನಡೆದದ್ದು ವಿದೇಶದಲ್ಲಿ ಎಂಬುದು ಅವನನ್ನು ಉಳಿಸುವುದಿಲ್ಲ. ಭಾರತದ ಪ್ರಜೆ ಹೊರದೇಶದಲ್ಲಿ ಮಾಡಿದ ಅಪರಾಧಕ್ಕೂ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ವಂಚಿಸಿ ಹಣ ಪಡೆದದ್ದಕ್ಕೆ 318(4)ನೇ ಸೆಕ್ಷನ್, ಅಂದರೆ ಜನರ ಬಾಯಲ್ಲಿರುವ ಹಳೆಯ 420. ಗರಿಷ್ಠ ಶಿಕ್ಷೆ ಏಳು ವರ್ಷ. ಕಂಪ್ಯೂಟರ್ ಬಳಸಿ ಬೇರೊಬ್ಬರಂತೆ ನಟಿಸಿ ವಂಚಿಸಿದ್ದಕ್ಕೆ ಐಟಿ ಕಾಯ್ದೆಯ 66ಡಿ. ಅಲ್ಲಿ ಮೂರು ವರ್ಷದವರೆಗೆ.

ಅವನ ವಕೀಲರು 32ನೇ ಸೆಕ್ಷನ್ ತೆರೆಯುತ್ತಾರೆ. ಬೆದರಿಕೆಗೆ ಸಿಕ್ಕಿ ಮಾಡಿದ ಕೃತ್ಯ ಅಪರಾಧವಲ್ಲ ಎಂದು ಅಲ್ಲಿ ಬರೆದಿದೆ ನಿಜ. ಆದರೆ ಆ ಬಾಗಿಲು ಬಹಳ ಕಿರಿದು. ಅದಕ್ಕೆ ನಾಲ್ಕು ಚಿಲಕಗಳಿವೆ.

ಮೊದಲನೆಯದು, ಕೊಲೆಗೂ, ಮರಣದಂಡನೆ ವಿಧಿಸಬಹುದಾದ ರಾಜ್ಯದ್ರೋಹದಂಥ ಅಪರಾಧಗಳಿಗೂ ಈ ರಕ್ಷಣೆ ಇಲ್ಲ. ನಮ್ಮ ಹುಡುಗ ಇದನ್ನು ದಾಟುತ್ತಾನೆ. ಎರಡನೆಯದು, ಬೆದರಿಕೆ ‘ತಕ್ಷಣದ ಸಾವಿನ’ ಬೆದರಿಕೆಯೇ ಆಗಿರಬೇಕು, ಆ ಭಯ ಸಕಾರಣವಾಗಿಯೂ ಇರಬೇಕು. ಹೊಡೆತ, ಉಪವಾಸ, ಶಾಕ್, ಪಾಸ್‌ಪೋರ್ಟ್ ಕಸಿದದ್ದು, ನಾಳೆ ಇನ್ನೊಂದು ಗುಂಪಿಗೆ ಮಾರುತ್ತೇವೆ ಎಂಬ ಮಾತು, ಇವು ಯಾವುವೂ ಅಕ್ಷರಶಃ ಓದಿದರೆ ತಕ್ಷಣದ ಸಾವಲ್ಲ. ಮೂರನೆಯದು, ಸಾವಿನ ಭಯ ‘ಆ ವ್ಯಕ್ತಿಗೇ’ ಇರಬೇಕು. ನಿನ್ನ ತಂಗಿ ಯಾವ ಕಾಲೇಜಿಗೆ ಹೋಗುತ್ತಾಳೆ ಗೊತ್ತು ಎಂದು ಹೆದರಿಸಿದರೆ ಸೆಕ್ಷನ್‌ನ ಮಾತುಗಳೊಳಗೆ ಅದಕ್ಕೆ ಜಾಗವಿಲ್ಲ. ನಾಲ್ಕನೆಯದು, ಆ ಪರಿಸ್ಥಿತಿಗೆ ಅವನು ತಾನಾಗಿಯೇ ಹೋಗಿ ಬಿದ್ದಿರಬಾರದು.

ಸೆಕ್ಷನ್‌ನ ಕೆಳಗಿನ ಮೊದಲ ವಿವರಣೆ ಇನ್ನೂ ಕಠಿಣ. ಹೊಡೆಯುತ್ತೇವೆ ಎಂಬ ಬೆದರಿಕೆಗೆ ಮಣಿದು, ಅವರು ಎಂಥವರೆಂದು ತಿಳಿದೂ ದರೋಡೆಕೋರರ ಗುಂಪು ಸೇರಿದವನಿಗೆ ಮುಂದೆ ಈ ರಕ್ಷಣೆ ಸಿಗುವುದಿಲ್ಲ ಎಂದು ಅದು ಬಿಡಿಸಿ ಹೇಳುತ್ತದೆ. ಎರಡನೇ ವಿವರಣೆಯಲ್ಲಿ ಬರುವವನೇ ನಮ್ಮ ಕಮ್ಮಾರ. ಅಂದರೆ ಕಾನೂನು ಎರಡು ಚಿತ್ರ ಪಕ್ಕಪಕ್ಕ ಇಟ್ಟಿದೆ: ಹೊಡೆತಕ್ಕೆ ಹೆದರಿ ಒಳಗೆ ಹೋದವನು, ಸಾವಿಗೆ ಹೆದರಿ ಬಾಗಿಲು ಒಡೆದವನು. ಮ್ಯಾವಡ್ಡಿಯ ಹುಡುಗ ಈ ಎರಡರ ನಡುವೆ ಎಲ್ಲೋ ಇದ್ದಾನೆ.

ಇಷ್ಟು ಬಿಗಿ ಏಕೆ ಎಂದು ಕೇಳಬಹುದು. ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಎಂಬ ಇಂಗ್ಲಿಷ್ ಕಾನೂನು ಪಂಡಿತ 1869ರಿಂದ 1872ರವರೆಗೆ ವೈಸ್‌ರಾಯ್ ಮಂಡಳಿಯ ಕಾನೂನು ಸದಸ್ಯನಾಗಿದ್ದ. 1872ರ ಸಾಕ್ಷ್ಯ ಕಾಯ್ದೆ ಅವನ ಕೈಯಿಂದಲೇ ರೂಪುಗೊಂಡದ್ದು. ಇಂಗ್ಲೆಂಡಿನ ದಂಡ ಕಾನೂನಿನ ಇತಿಹಾಸ ಕುರಿತು 1883ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ, ಬೆದರಿಕೆ ಎಂಬುದು ಶಿಕ್ಷೆ ಕಡಿಮೆ ಮಾಡಲು ಕಾರಣವಾಗಬಹುದೇ ಹೊರತು ಅಪರಾಧವನ್ನೇ ಅಳಿಸಬಾರದು ಎಂದು ವಾದಿಸಿದ. ಕಾನೂನೂ ಒಂದು ಬೆದರಿಕೆಯೇ. ಗೂಂಡಾನ ಬೆದರಿಕೆ ದೊಡ್ಡದೆಂದು ಕಾನೂನು ಹಿಂದೆ ಸರಿದರೆ, ಗೂಂಡಾಗಳ ಮಾತೇ ಶಾಸನವಾಗುತ್ತದೆ ಎಂಬುದು ಆ ವಾದದ ಒಳತಿರುಳು. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಹಣ ಕಳೆದುಕೊಂಡ ಮೇಷ್ಟ್ರ ಕಡೆಯಿಂದ ನೋಡಿದರೆ, ನನ್ನನ್ನೂ ಹೆದರಿಸಿದ್ದರು ಎಂಬ ಒಂದೇ ಮಾತಿಗೆ ಎಲ್ಲರೂ ಬಿಡುಗಡೆಯಾಗಿ ಹೋದರೆ ಅದು ನ್ಯಾಯವಲ್ಲ.

ಕೊಲೆಯ ವಿಷಯದಲ್ಲಂತೂ ನ್ಯಾಯಾಲಯಗಳು ತುಂಬಾ ಜಗ್ಗಾಡಿವೆ. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1975ರಲ್ಲಿ ಉತ್ತರ ಐರ್ಲೆಂಡಿನ ಲಿಂಚ್ ಪ್ರಕರಣದಲ್ಲಿ, ಕೊಲೆಗೆ ಬಲವಂತದಿಂದ ನೆರವಾದವನು ಈ ವಾದ ಹೂಡಬಹುದು ಎಂದಿತು. 1987ರ ಹೋವ್ ಪ್ರಕರಣದಲ್ಲಿ ಅದೇ ಸಂಸ್ಥೆ ತನ್ನ ತೀರ್ಪನ್ನು ತಾನೇ ಹಿಂದಕ್ಕೆ ಪಡೆಯಿತು. ಕೊಲೆಗೆ ಬೆದರಿಕೆಯ ನೆಪವೇ ಇಲ್ಲ ಎಂದಿತು. ಹತ್ತು ವರ್ಷದ ನಂತರ ಇದೇ ಪ್ರಶ್ನೆ ಹೇಗ್ ನಗರದ ಯುಗೊಸ್ಲಾವಿಯಾ ನ್ಯಾಯಮಂಡಳಿಯ ಮುಂದೆ ಬಂತು. ಸ್ರೆಬ್ರೆನಿಕಾ ಹತ್ಯಾಕಾಂಡದಲ್ಲಿ ಗುಂಡು ಹಾರಿಸಿದ ದ್ರಾಜೆನ್ ಎರ್ದೆಮೊವಿಚ್ ಎಂಬ ಸೈನಿಕ, ಒಲ್ಲೆ ಎಂದಿದ್ದರೆ ತನ್ನನ್ನೂ ಆ ಸಾಲಿನಲ್ಲೇ ನಿಲ್ಲಿಸುತ್ತಿದ್ದರು ಎಂದ. 1997ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ಪೀಠ ಮೂರು–ಎರಡರ ಬಹುಮತದಲ್ಲಿ, ಅಮಾಯಕರನ್ನು ಕೊಂದದ್ದಕ್ಕೆ ಬೆದರಿಕೆ ಪೂರ್ಣ ರಕ್ಷಣೆಯಾಗದು ಎಂದು ತೀರ್ಮಾನಿಸಿತು. ಆದರೆ ಮತ್ತೆ ವಿಚಾರಣೆ ನಡೆದು 1998ರಲ್ಲಿ ಶಿಕ್ಷೆ ನಿಗದಿಯಾದಾಗ, ಮೊದಲಿನ ಹತ್ತು ವರ್ಷ ಐದಕ್ಕೆ ಇಳಿದಿತ್ತು. ತಪ್ಪಿತಸ್ಥ ಎಂಬ ಮಾತು ಉಳಿಯಿತು, ಬೆದರಿಕೆಯ ತೂಕವೂ ಲೆಕ್ಕಕ್ಕೆ ಬಂತು.

ವಂಚನೆಯಂಥ ಅಪರಾಧಗಳ ಕಥೆ ಬೇರೆ. ಇಲ್ಲಿ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವುದು ಒಬ್ಬರ ಪ್ರಾಣವಲ್ಲ. ಹಾಗಾಗಿ ಹಲವು ದೇಶಗಳು ‘ತಕ್ಷಣ’ ಎಂಬ ಪದವನ್ನು ಸಡಿಲಿಸಿ ನೋಡಿವೆ. 1971ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಇಬ್ಬರು ಹದಿಹರೆಯದ ಹುಡುಗಿಯರ ಪ್ರಕರಣ ಬಂತು. ಒಂದು ಹೊಡೆದಾಟದ ಮೊಕದ್ದಮೆಯಲ್ಲಿ ಅವರು ಸುಳ್ಳು ಸಾಕ್ಷಿ ಹೇಳಿದ್ದರು. ನಿಜ ಹೇಳಿದರೆ ಕೊಯ್ದುಹಾಕುತ್ತೇವೆ ಎಂದು ಹೆದರಿಸಿದ್ದವರಲ್ಲಿ ಒಬ್ಬ ಅಂದು ಕೋರ್ಟಿನ ಗ್ಯಾಲರಿಯಲ್ಲೇ ಕುಳಿತಿದ್ದ. ಕೋರ್ಟಿನೊಳಗೆ, ಪೊಲೀಸರ ಎದುರಿಗೆ ತಕ್ಷಣದ ಅಪಾಯ ಎಲ್ಲಿತ್ತು ಎಂದು ಕೆಳ ನ್ಯಾಯಾಲಯ ಈ ವಾದವನ್ನು ತಳ್ಳಿತ್ತು. ಮೇಲ್ಮನವಿಯಲ್ಲಿ ಶಿಕ್ಷೆ ರದ್ದಾಯಿತು. ಅಂದು ರಾತ್ರಿ ಸ್ಯಾಲ್‌ಫರ್ಡ್‌ನ ಬೀದಿಯಲ್ಲಿ ನಡೆಯಬಹುದಾದ ಹಲ್ಲೆಯ ಭಯ, ಹಗಲಲ್ಲಿ ಕೋರ್ಟಿನಲ್ಲಿ ನಿಂತವಳ ನಾಲಿಗೆಯನ್ನು ಕಟ್ಟಿಹಾಕಬಲ್ಲದು ಎಂಬುದನ್ನು ನ್ಯಾಯಮೂರ್ತಿಗಳು ಒಪ್ಪಿದರು. ಆದರೆ 2005ರ ಹಸನ್ ಪ್ರಕರಣದಲ್ಲಿ ಹೌಸ್ ಆಫ್ ಲಾರ್ಡ್ಸ್ ಮತ್ತೆ ಹಗ್ಗ ಬಿಗಿ ಮಾಡಿತು. ಕ್ರಿಮಿನಲ್‌ಗಳ ಸಹವಾಸಕ್ಕೆ ತಾನಾಗಿ ಹೋದವನು, ಮುಂದೆ ತನ್ನ ಮೇಲೆ ಬಲವಂತ ಬರಬಹುದೆಂದು ಊಹಿಸಬೇಕಿದ್ದರೆ, ಅವನಿಗೆ ಈ ರಕ್ಷಣೆ ಇಲ್ಲ ಎಂದಿತು.

ನಮ್ಮ ಹುಡುಗನಿಗೆ ಎಲ್ಲಕ್ಕಿಂತ ಹತ್ತಿರದ ಪ್ರಕರಣ ಕೆನಡಾದ್ದು. 1994ರಲ್ಲಿ 21 ವರ್ಷದ ಯುವತಿಯೊಬ್ಬಳು ಟೊರಾಂಟೊ ವಿಮಾನ ನಿಲ್ದಾಣದಲ್ಲಿ ಮೈಗೆ ಕಟ್ಟಿಕೊಂಡಿದ್ದ ಎರಡು ಕಿಲೋ ಹೆರಾಯಿನ್ ಸಮೇತ ಸಿಕ್ಕಿಬಿದ್ದಳು. ಬೆಲ್‌ಗ್ರೇಡ್‌ನಲ್ಲಿ ಒಬ್ಬ ತನ್ನನ್ನು ಹಿಂಸಿಸಿ, ಇದನ್ನು ಸಾಗಿಸದಿದ್ದರೆ ನಿನ್ನ ತಾಯಿಗೆ ಅಪಾಯ ಎಂದು ಹೆದರಿಸಿದ್ದ ಎಂದಳು. ಪೊಲೀಸರ ಬಳಿ ಹೋಗಲು ಅಲ್ಲಿನ ಪೊಲೀಸರ ಮೇಲೆ ನಂಬಿಕೆ ಇರಲಿಲ್ಲ ಎಂದಳು. ಕೆನಡಾದ ದಂಡ ಸಂಹಿತೆಯ 17ನೇ ಸೆಕ್ಷನ್ ಪ್ರಕಾರ ಬೆದರಿಸುವವನು ಸ್ಥಳದಲ್ಲೇ ಇರಬೇಕಿತ್ತು, ಅಪಾಯ ತಕ್ಷಣದ್ದಾಗಿರಬೇಕಿತ್ತು. ಇಲ್ಲಿ ಎರಡೂ ಇರಲಿಲ್ಲ. ಆದರೂ ಜ್ಯೂರಿ ಅವಳನ್ನು ಖುಲಾಸೆ ಮಾಡಿತು. ಸರ್ಕಾರ ಮೇಲ್ಮನವಿ ಹೋಯಿತು. 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಖುಲಾಸೆಯನ್ನು ಎತ್ತಿಹಿಡಿಯಿತು. ಆ ಎರಡು ಷರತ್ತುಗಳು ಸಂವಿಧಾನಕ್ಕೆ ವಿರುದ್ಧ ಎಂದಿತು. ನಿಜವಾದ ಆಯ್ಕೆಯೇ ಇಲ್ಲದವನು ಮಾಡಿದ್ದನ್ನು ಅವನ ಸ್ವಂತ ಕೃತ್ಯವೆಂದು ಕರೆದು ಶಿಕ್ಷಿಸುವುದು ನ್ಯಾಯದ ಮೂಲಕ್ಕೇ ಹೊರತು ಎಂಬುದು ಅದರ ತರ್ಕ. ಬ್ರಿಟನ್ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ, ಗುಲಾಮಗಿರಿಗೆ ಸಿಕ್ಕಿ ಬಲವಂತದಿಂದ ಅಪರಾಧ ಮಾಡಿದವರಿಗೆ ಪ್ರತ್ಯೇಕ ರಕ್ಷಣೆಯನ್ನೇ ಕೊಟ್ಟಿತು. ಅಲ್ಲಿ ಸಾವಿನ ಬೆದರಿಕೆ ಬೇಕಿಲ್ಲ. ಅದೇ ಸ್ಥಿತಿಯಲ್ಲಿದ್ದ ಸಾಮಾನ್ಯ ಮನುಷ್ಯನಿಗೆ ಬೇರೆ ದಾರಿ ಇತ್ತೇ ಎಂಬುದು ಪ್ರಶ್ನೆ. ಕೊಲೆಯಂಥ ಗಂಭೀರ ಅಪರಾಧಗಳನ್ನು ಮಾತ್ರ ಹೊರಗಿಟ್ಟಿದ್ದಾರೆ.

ನಮ್ಮಲ್ಲಿ ಅಂಥ ಪ್ರತ್ಯೇಕ ಸೆಕ್ಷನ್ ಇಲ್ಲ. ಮಾನವ ಕಳ್ಳಸಾಗಣೆ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಅಡಿ ಘೋರ ಅಪರಾಧ. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. ಸಾಗಿಸಿದವನನ್ನು ಶಿಕ್ಷಿಸಲು ದಾರಿ ಇದೆ. ಸಾಗಿಸಲ್ಪಟ್ಟವನು ಬಲವಂತದಲ್ಲಿ ಮಾಡಿದ್ದಕ್ಕೆ ಏನು ಎಂಬುದಕ್ಕೆ ಉತ್ತರ ಮಾತ್ರ ಮತ್ತೆ ಕಮ್ಮಾರನ ಸೆಕ್ಷನ್‌ಗೇ ಬಂದು ನಿಲ್ಲುತ್ತದೆ.

ಹಾಗಾದರೆ ವಿಚಾರಣೆಯಲ್ಲಿ ಅವನು ಏನು ಮಾಡಬಹುದು? ಇಲ್ಲಿ ರುಜುವಾತಿನ ಲೆಕ್ಕ ತಿಳಿದಿರಬೇಕು. ಅಪರಾಧ ನಡೆದಿದೆ ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡುವ ಹೊಣೆ ಸದಾ ಪ್ರಾಸಿಕ್ಯೂಷನ್‌ನದು. ಆದರೆ ನಾನು ವಿನಾಯಿತಿಗೆ ಸೇರುತ್ತೇನೆ ಎಂದು ತೋರಿಸುವ ಭಾರ ಆರೋಪಿಯದು. ಸ್ಟೀಫನ್‌ನ ಕಾಯ್ದೆಯಲ್ಲಿ ಇದು 105ನೇ ಸೆಕ್ಷನ್ ಆಗಿತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಸೆಕ್ಷನ್. ಇಂಗ್ಲೆಂಡಿನಲ್ಲಿ ಆರೋಪಿ ಬೆದರಿಕೆಯ ಪ್ರಶ್ನೆ ಎತ್ತಿದರೆ ಸಾಕು, ಅದು ಸುಳ್ಳೆಂದು ತೋರಿಸಬೇಕಾದದ್ದು ಪ್ರಾಸಿಕ್ಯೂಷನ್. ನಮ್ಮಲ್ಲಿ ತೋರಿಸುವ ಕೆಲಸ ಆರೋಪಿಯದೇ. ಆದರೆ ಅವನ ಭಾರ ಅಷ್ಟು ತೂಕದ್ದಲ್ಲ. ಹೀಗೆ ಆಗಿರುವ ಸಂಭವವೇ ಹೆಚ್ಚು ಎನ್ನುವಷ್ಟು ತೋರಿಸಿದರೆ ಸಾಕು.

ಇನ್ನೊಂದು ಕಿಟಕಿಯೂ ಇದೆ. ನಾನಾವತಿ ಪ್ರಕರಣ ಎಂದರೆ ನಮಗೆ ನೆನಪಾಗುವುದು ನೌಕಾಪಡೆಯ ಅಧಿಕಾರಿ ಮತ್ತು ಮೂರು ಗುಂಡು. ಆ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಮತ್ತು 1964ರ ದಹ್ಯಾಭಾಯಿ ಪ್ರಕರಣದ ತೀರ್ಪು ಒಂದು ಮುಖ್ಯ ಮಾತು ಹೇಳುತ್ತವೆ. ಆರೋಪಿ ತನ್ನ ವಿನಾಯಿತಿಯನ್ನು ಪೂರ್ಣ ಸಾಬೀತು ಮಾಡಲಾಗದಿದ್ದರೂ, ಅವನು ಮುಂದಿಟ್ಟ ಸಾಕ್ಷ್ಯ ಅಪರಾಧದ ಒಂದು ಅಂಶದ ಬಗ್ಗೆಯೇ ಸಂಶಯ ಹುಟ್ಟಿಸಿದರೆ ಅದರ ಲಾಭ ಅವನಿಗೆ ಸಿಗಬೇಕು. ವಂಚನೆಯ ಅಪರಾಧಕ್ಕೆ ಅಪ್ರಾಮಾಣಿಕ ಉದ್ದೇಶ ಬೇಕು. ಬೇಲಿಯೊಳಗೆ ಹೊಡೆತ ತಿಂದು, ಇನ್ನೊಬ್ಬ ಬರೆದುಕೊಟ್ಟ ಸ್ಕ್ರಿಪ್ಟ್ ಟೈಪ್ ಮಾಡಿ, ಹಣ ತನ್ನ ಕೈಗೇ ಬಾರದವನಿಗೆ ಆ ಉದ್ದೇಶ ಇತ್ತೇ? 32ನೇ ಸೆಕ್ಷನ್‌ನ ‘ತಕ್ಷಣದ ಸಾವು’ ಅಡ್ಡ ಬಂದರೂ ವಕೀಲರು ಈ ಪ್ರಶ್ನೆಯನ್ನು ಕೇಳಬಹುದು. ಅದೂ ಆಗದಿದ್ದರೆ ಶಿಕ್ಷೆಯ ಪ್ರಮಾಣದ ಹಂತ ಇದ್ದೇ ಇದೆ.

ಇದೆಲ್ಲ ನಿಲ್ಲುವುದು ದಾಖಲೆಯ ಮೇಲೆ. ಲಾಗ್ ಇಲ್ಲದ ದೋಷವನ್ನು ಯಾರೂ ನಂಬುವುದಿಲ್ಲ ಎಂಬುದು ನಮ್ಮ ವೃತ್ತಿಯ ಪಾಠ. ಕೋರ್ಟಿನ ಪಾಠವೂ ಅದೇ. ಮೊದಲ ದಿನ ಪೊಲೀಸರಿಗೆ ಹೇಳದ, ಸಾಕ್ಷಿಗಳ ಪಾಟೀಸವಾಲಿನಲ್ಲಿ ಕೇಳದ, ನಾಗರಿಕ ಸುರಕ್ಷಾ ಸಂಹಿತೆಯ 351ನೇ ಸೆಕ್ಷನ್ ಅಡಿ ನ್ಯಾಯಾಧೀಶರು ನೇರವಾಗಿ ಪ್ರಶ್ನಿಸಿದಾಗಲೂ ಬಾಯಿಬಿಡದ ಬೆದರಿಕೆಯ ಕಥೆ ಮೊದಲ ಬಾರಿಗೆ ಮೇಲ್ಮನವಿಯಲ್ಲಿ ಬಂದರೆ, ಅದು ವಕೀಲರು ಹೆಣೆದದ್ದು ಎಂದೇ ಕಾಣುತ್ತದೆ. ಮೇಲಿನ ನ್ಯಾಯಾಲಯ ಮುಖ್ಯವಾಗಿ ಓದುವುದು ಕೆಳಗಿನಿಂದ ಬಂದ ಕಡತವನ್ನು. ಆತ್ಮರಕ್ಷಣೆಯ ವಾದವನ್ನು ಆರೋಪಿ ಬಾಯಿಬಿಟ್ಟು ಹೇಳದಿದ್ದರೂ, ಕಡತದಲ್ಲಿ ಅದಕ್ಕೆ ಆಧಾರ ಇದ್ದರೆ ಕೋರ್ಟು ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 1968ರ ಮುನ್ಶಿರಾಮ್ ಪ್ರಕರಣದಲ್ಲಿ ಹೇಳಿದೆ. ಆದರೆ ಆಧಾರ ಕಡತದೊಳಗೆ ಇರಬೇಕು.

ಹಾಗಾಗಿ ಸಿಕ್ಕಿಬಿದ್ದವರು ಮನೆಗೆ ಕಳಿಸಿದ ಒಂದು ಲೊಕೇಶನ್, ‘ಅಮ್ಮಾ ಇಲ್ಲಿ ಹೊಡೀತಾರೆ’ ಎಂಬ ಒಂದು ವಾಯ್ಸ್ ಮೆಸೇಜ್, ರಾಯಭಾರ ಕಚೇರಿಗೆ ಹೋದ ಒಂದು ಮೇಲ್, ಬಿಡುಗಡೆಗೆ ಹಣ ಕೇಳಿದ ಚಾಟ್, ಗಾಯದ ಫೋಟೊ, ಬಂದ ಕೂಡಲೇ ಆದ ವೈದ್ಯಕೀಯ ತಪಾಸಣೆಯ ಚೀಟಿ, ಎಲ್ಲವೂ ಮುಂದೆ ಪ್ರಾಣದಷ್ಟೇ ಬೆಲೆಬಾಳುತ್ತವೆ. ಮನೆಯವರು ಫೋನ್ ಬದಲಿಸುವಾಗ ಅವನ್ನು ಅಳಿಸಬಾರದು. ಪ್ರಿಂಟ್ ತೆಗೆದು ಕೊಟ್ಟರೆ ಸಾಲದು. ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಖಚಿತಪಡಿಸಿದೆ. ಆ ನಿಯಮ ಈಗ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನಲ್ಲಿದೆ. ಮೂಲ ಫೋನ್ ಜೋಪಾನವಾಗಿದ್ದರೆ ಅರ್ಧ ಕೆಲಸ ಆದಂತೆ.

ಕಾಲದ ಪ್ರಶ್ನೆಯೂ ಇದೆ. ಮೊದಲ ತಿಂಗಳು ಹೊಡೆತಕ್ಕೆ ಹೆದರಿ ಟೈಪ್ ಮಾಡಿದವನು, ಆರನೇ ತಿಂಗಳು ಕಮಿಷನ್ ಪಡೆದು ಟೀಮ್ ಲೀಡರ್ ಆಗಿ, ಊರಿನ ಗೆಳೆಯನಿಗೆ ನೀನೂ ಬಾ ಎಂದು ಫೋನ್ ಮಾಡಿದರೆ? ಆಗ ಅವನು ಕಮ್ಮಾರನಲ್ಲ, ಗುಂಪಿನವನೇ. ಎರಡನ್ನೂ ಬೇರ್ಪಡಿಸಿ ನೋಡುವುದು ತನಿಖೆಯ ಕೆಲಸ. ವಾಪಸು ಬಂದವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ ಆರೋಪಿ ಎನ್ನುವುದೂ ತಪ್ಪು, ಎಲ್ಲರನ್ನೂ ಸಂತ್ರಸ್ತರೆಂದು ಮನೆಗೆ ಕಳಿಸುವುದೂ ತಪ್ಪು.

ನನ್ನ ಅನಿಸಿಕೆ ಇಷ್ಟು. 2023ರಲ್ಲಿ ಸಂಸತ್ತು ಮೂರು ಕಾಯ್ದೆಗಳನ್ನು ಹೊಸದಾಗಿ ಬರೆದಾಗ ಈ ಸೆಕ್ಷನ್‌ಗೆ ಸಿಕ್ಕಿದ್ದು ಹೊಸ ಸಂಖ್ಯೆ, ಹೊಸ ಯೋಚನೆಯಲ್ಲ. ಕುದುರೆ ಏರಿ ಬರುವ ದರೋಡೆಕೋರರ ಕಾಲದಲ್ಲಿ ಬೆದರಿಕೆ ಎಂದರೆ ಕುತ್ತಿಗೆಯ ಮೇಲಿನ ಕತ್ತಿ. ಇಂದಿನ ಬೆದರಿಕೆ ಪಾಸ್‌ಪೋರ್ಟ್, ಸಾಲ, ಮುಳ್ಳುತಂತಿ, ಮನೆಯವರ ಫೋಟೊ ಎಲ್ಲವನ್ನೂ ಸೇರಿಸಿ ನಿಧಾನವಾಗಿ ಹಿಂಡುವಂಥದ್ದು. ಕೊಲೆಯನ್ನು ಹೊರಗಿಡಲಿ, ಸರಿ. ಆದರೆ ಗಂಭೀರ ದೈಹಿಕ ಹಿಂಸೆಯ ಭಯವನ್ನೂ, ಹತ್ತಿರದವರಿಗೆ ಒಡ್ಡಿದ ಬೆದರಿಕೆಯನ್ನೂ ಸೇರಿಸಿಕೊಳ್ಳುವಷ್ಟು ಈ ಸೆಕ್ಷನ್ ಅಗಲವಾಗಬೇಕು. ಕೆಲಸ ಹುಡುಕಿ ಹೋದದ್ದನ್ನು, ತಾನಾಗಿಯೇ ಗುಂಪು ಸೇರಿದ ಎಂದು ಓದಬಾರದು. ಹುಡುಗ ಒಪ್ಪಿದ್ದು ಕೆಲಸಕ್ಕೆ, ದರೋಡೆಗಲ್ಲ.

ಕಾನೂನು ಬದಲಾಗುವವರೆಗೆ ನಮ್ಮ ಕೈಲಿರುವುದು ಮೊದಲ ಬಾಗಿಲಲ್ಲೇ ತಡೆಯುವುದು. ‘ಅಣ್ಣಾ, ಥಾಯ್ಲೆಂಡ್‌ದು ಆಫರ್ ಬಂದಿದೆ, ಸ್ವಲ್ಪ ನೋಡ್ತೀಯಾ?’ ಎಂದು ಊರಿನ ಹುಡುಗರು ಕೇಳುವುದು ಹೊರಗೆ ಕೆಲಸ ಮಾಡುವ ನಮ್ಮನ್ನೇ. ಆಲ್ ದಿ ಬೆಸ್ಟ್ ಎಂದು ಒಂದು ಇಮೋಜಿ ಹಾಕಿ ಮುಗಿಸುವ ವಿಷಯ ಇದಲ್ಲ. ಏಜೆಂಟ್ ನೋಂದಾಯಿತನೇ ಎಂದು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬೇಕು. ಕೆಲಸದ ವೀಸಾ ಇಲ್ಲದೆ, ಪ್ರವಾಸಿಯಾಗಿ ಬಾ, ಅಲ್ಲಿ ಸರಿ ಮಾಡಿಕೊಡುತ್ತೇವೆ ಎಂದರೆ ಅಲ್ಲಿಗೇ ನಿಲ್ಲಿಸಬೇಕು. ಟೈಪಿಂಗ್ ವೇಗ ಕೇಳಿ, ತಾಂತ್ರಿಕ ಪ್ರಶ್ನೆ ಒಂದನ್ನೂ ಕೇಳದೆ, ಲಕ್ಷ ಸಂಬಳ ಹೇಳುವ ಸಂದರ್ಶನ ಯಾವ ಕಂಪನಿಯದು ಎಂದು ನಮಗಿಂತ ಚೆನ್ನಾಗಿ ಯಾರು ಹೇಳಬಲ್ಲರು? ಈಗಾಗಲೇ ಸಿಕ್ಕಿಬಿದ್ದವರಿದ್ದರೆ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ, ಹತ್ತಿರದ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ ಅದರ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಹಣ ಕಳೆದುಕೊಂಡವರಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಊರಿನ ಮನೆಯಿಂದ ಸಮಯಕ್ಕೆ ಸರಿಯಾಗಿ ದಾಖಲಾದ ಒಂದು ದೂರು, ಮುಂದೊಂದು ದಿನ ಆ ಹುಡುಗ ಕಟಕಟೆಯಲ್ಲಿ ನಿಂತು ‘ನನಗೆ ಬೇರೆ ದಾರಿ ಇರಲಿಲ್ಲ ಸ್ವಾಮಿ’ ಎಂದಾಗ ಅವನ ಪರವಾಗಿ ನಿಲ್ಲುವ ಏಕೈಕ ಸಾಕ್ಷಿಯಾಗಬಹುದು.